ಬೇಸಿಗೆ ರಜೆಯಲ್ಲಿ ಮಕ್ಕಳು ಮತ್ತು ನೀರು: ದೊಡ್ಡವರು ಮಾಡಿಡಬೇಕಾದ ಏರ್ಪಾಡು

ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ನಮ್ಮ ರಾಜ್ಯದ ಶಾಲೆಗಳಿಗೆ ಬೇಸಿಗೆ ರಜೆ ಬರುತ್ತದೆ. ಅಲ್ಲಿಂದ ಮೇ ತಿಂಗಳ ಕೊನೆಯವರೆಗೆ ಮಕ್ಕಳು ಅಜ್ಜಿಯ ಊರು, ಸೋದರಮಾವನ ತೋಟ, ನೆಂಟರ ಮದುವೆ, ಊರಹಬ್ಬ ಎಂದು ಓಡಾಡಿಕೊಂಡಿರುತ್ತಾರೆ. ಹೋದ ಕಡೆಯ ಕೆರೆಯ ಆಳವಾಗಲಿ, ತೋಟದ ಹೊಂಡದ ದಡ ಎಷ್ಟು ಜಾರುತ್ತದೆ ಎಂಬುದಾಗಲಿ, ನಾಲೆಗೆ ಯಾವ ದಿನ ನೀರು ಬಿಡುತ್ತಾರೆ ಎಂಬುದಾಗಲಿ ಅವರಿಗೆ ತಿಳಿದಿರುವುದಿಲ್ಲ. ದೊಡ್ಡವರು ಊಟ ಮುಗಿಸಿ ಸ್ವಲ್ಪ ಹೊತ್ತು ಅಡ್ಡಾಗುವ ಮಧ್ಯಾಹ್ನದಲ್ಲಿ, ಸೆಕೆ ತಾಳಲಾರದೆ, ಊರಿನ ಹುಡುಗರ ಹಿಂದೆ ಅವರೂ ನೀರಿಗೆ ಹೊರಡುತ್ತಾರೆ. ಈಜಲು ಹೋದ ಬಾಲಕರು ನೀರುಪಾಲಾದ ಸುದ್ದಿಯನ್ನು ನಾವು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಅಂಥ ಎಷ್ಟೋ ಸುದ್ದಿಗಳಲ್ಲಿ ತೀರಿಕೊಂಡವರು ಒಬ್ಬರಲ್ಲ. ಅಣ್ಣತಮ್ಮಂದಿರು, ಅಕ್ಕತಂಗಿಯರು, ಒಂದೇ ಮನೆಗೆ ರಜೆಗೆಂದು ಬಂದು ಸೇರಿದ ಮಕ್ಕಳು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು, ಮತ್ತು ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷ ತುಂಬದ ಮಕ್ಕಳು. ಆ ವಯಸ್ಸಿನ ಮಗುವಿಗೆ ನೀರಿನ ಹತ್ತಿರ ಹೋಗಬೇಡ ಎಂದು ಹೇಳಿದ ಮಾತ್ರಕ್ಕೆ ಅದು ಸುರಕ್ಷಿತವಾಗುವುದಿಲ್ಲ. ಮಗು ಆ ಮಾತನ್ನು ಮರೆತ ದಿನವೂ ಅದನ್ನು ಉಳಿಸುವಂಥ ಮುಚ್ಚಳ, ಬೇಲಿ, ಹಗ್ಗ ಮತ್ತು ಕಣ್ಣಿಟ್ಟು ಕಾಯುವ ಒಬ್ಬ ದೊಡ್ಡವರು, ಇವು ಮೊದಲೇ ಸಿದ್ಧವಾಗಿರಬೇಕು. ಅವನ್ನು ಹೇಗೆ ಸಿದ್ಧಪಡಿಸಿಕೊಳ್ಳಬೇಕೆಂಬುದೇ ಈ ಬರಹದ ವಿಷಯ.

ಮುಳುಗುವ ಮಗು ಕೂಗುವುದಿಲ್ಲ

ಮುಳುಗುತ್ತಿರುವವರು ಕೈ ಬೀಸಿ, ಕಾಪಾಡಿ ಎಂದು ಕೂಗುತ್ತಾರೆ ಎಂಬ ಕಲ್ಪನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ವಾಸ್ತವದಲ್ಲಿ ಹಾಗಾಗುವುದು ಅಪರೂಪ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುವಾಗ ಸಿಗುವ ಅರೆಕ್ಷಣ ಉಸಿರೆಳೆಯುವುದಕ್ಕೇ ಸಾಲದು. ಕೂಗುವುದಕ್ಕೆ ಉಸಿರು ಎಲ್ಲಿಂದ ಬರಬೇಕು? ಕೈಗಳು ತಾವಾಗಿಯೇ ಎರಡೂ ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಆದ್ದರಿಂದ ಬೀಸಲು ಆಗುವುದಿಲ್ಲ. ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ತೆರೆದಿರುತ್ತದೆ, ಕೂದಲು ಮುಖದ ಮೇಲೆ ಬಿದ್ದಿದ್ದರೂ ಮಗು ಅದನ್ನು ಸರಿಸಿಕೊಳ್ಳುವುದಿಲ್ಲ, ದೇಹ ನೆಟ್ಟಗೆ ನಿಂತಂತೆ ಇದ್ದು ಕಾಲುಗಳು ಹೆಚ್ಚು ಆಡುವುದಿಲ್ಲ. ದೂರದಿಂದ ನೋಡಿದವರಿಗೆ ಮಗು ನೀರಿನಲ್ಲಿ ಸುಮ್ಮನೆ ನಿಂತು ಆಕಾಶ ನೋಡುತ್ತಿರುವಂತೆ ಕಾಣಬಹುದು. ಈ ಸ್ಥಿತಿ ಹೆಚ್ಚೆಂದರೆ ಒಂದು ನಿಮಿಷ, ಎಷ್ಟೋ ಸಲ ಅದರ ಅರ್ಧದಷ್ಟೂ ಇಲ್ಲದೆ, ಮುಳುಗುವಿಕೆಯಲ್ಲಿ ಮುಗಿಯುತ್ತದೆ. ಗಲಾಟೆ ಮಾಡುತ್ತಾ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸದ್ದಡಗಿಸಿದರೆ ತಕ್ಷಣ ಹೆಸರು ಹಿಡಿದು ಕರೆಯಬೇಕು. ಉತ್ತರ ಬರದಿದ್ದರೆ ಇನ್ನೊಂದು ಕ್ಷಣ ಕಾಯದೆ ಅದರತ್ತ ಧಾವಿಸಬೇಕು.

ಹೀಗಾಗಿ ಕಿವಿಯಿಂದ ಕಾವಲು ಕಾಯಲು ಸಾಧ್ಯವಿಲ್ಲ. ಅಡುಗೆಮನೆಯಲ್ಲಿದ್ದುಕೊಂಡು ಹಿತ್ತಲಿನ ತೊಟ್ಟಿಯ ಬಳಿಯಿರುವ ಮಗುವನ್ನು, ಮೊಬೈಲ್ ನೋಡುತ್ತಾ ನದಿಯಲ್ಲಿರುವ ಮಕ್ಕಳನ್ನು ಯಾರೂ ಕಾಯಲಾರರು.

ಕಾಯುವವರು ಯಾರೆಂದು ಹೆಸರಿಟ್ಟು ಹೇಳಬೇಕು

ಹತ್ತು ಜನ ದೊಡ್ಡವರು ಸೇರಿದ ಕಡೆ ಮಕ್ಕಳು ಹೆಚ್ಚು ಸುರಕ್ಷಿತ ಎಂದು ನಾವು ಭಾವಿಸುತ್ತೇವೆ. ಆದರೆ ಮದುವೆಮನೆ, ತೋಟದ ಊಟ, ನದಿತೀರದ ದೇವಸ್ಥಾನಗಳಲ್ಲಿ ಆಗುವುದು ಇದಕ್ಕೆ ವಿರುದ್ಧವಾದುದು: ತಾಯಿ ಚಿಕ್ಕಪ್ಪ ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡಿರುತ್ತಾಳೆ, ಚಿಕ್ಕಪ್ಪ ಅಜ್ಜ ಅಲ್ಲೇ ಇದ್ದಾರೆ ಎಂದುಕೊಂಡಿರುತ್ತಾರೆ, ಅಜ್ಜ ದೊಡ್ಡ ಹುಡುಗರು ಜೊತೆಗಿದ್ದಾರೆ ಎಂದು ನಂಬಿರುತ್ತಾರೆ. ಈ ಬರಹದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಮಕ್ಕಳು ನೀರಿನ ಬಳಿ ಇರುವಷ್ಟು ಹೊತ್ತೂ ಅವರನ್ನು ಕಾಯುವವರು ಒಬ್ಬ ನಿರ್ದಿಷ್ಟ ವ್ಯಕ್ತಿಯಾಗಿರಬೇಕು, ಮತ್ತು ಅದು ಯಾರೆಂಬುದು ಎಲ್ಲರಿಗೂ ಗೊತ್ತಿರಬೇಕು.

ಇದಕ್ಕೊಂದು ಸರಳ ಕ್ರಮವಿದೆ. ಕಾಯುವವರು ಹೆಗಲ ಮೇಲೆ ಒಂದು ಬಣ್ಣದ ಟವೆಲ್ ಹಾಕಿಕೊಳ್ಳಲಿ. ಟವೆಲ್ ಹೆಗಲ ಮೇಲಿರುವಷ್ಟು ಹೊತ್ತು ಅವರು ಫೋನ್ ತೆಗೆಯಬಾರದು, ಇಸ್ಪೀಟು ಆಡಬಾರದು, ಅಡುಗೆಗೆ ಕೈ ಹಾಕಬಾರದು. ಮದ್ಯ ಸೇವಿಸಿದವರಿಗೆ ಆ ಟವೆಲ್ ಕೊಡಲೇಬಾರದು. ಕಣ್ಣು ದಣಿಯುವುದರಿಂದ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಮ್ಮೆ ಪಾಳಿ ಬದಲಾಗಲಿ. ಬದಲಾಗುವಾಗ, ಇಗೋ ಟವೆಲ್, ಈಗ ನೀವು ನೋಡಿಕೊಳ್ಳಿ, ನಾಲ್ಕು ಮಕ್ಕಳಿದ್ದಾರೆ ಎಂದು ಬಾಯಿಬಿಟ್ಟು ಹೇಳಿ, ಎದುರಿನವರು ತಲೆ ಎಣಿಸಿ ಒಪ್ಪಿಕೊಂಡ ಮೇಲಷ್ಟೇ ಮೊದಲಿನವರು ಕದಲಬೇಕು. ಐದು ವರ್ಷದೊಳಗಿನ ಮಗು ನೀರಿನಲ್ಲಿದ್ದರೆ ಕಾಯುವವರು ದಡದಲ್ಲಿ ಕುಳಿತರೆ ಸಾಲದು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿರಬೇಕು. ಹನ್ನೆರಡು ವರ್ಷದ ಅಕ್ಕನನ್ನೋ ಅಣ್ಣನನ್ನೋ ಕಾವಲಿಗೆ ನಿಲ್ಲಿಸುವುದು ಸರಿಯಲ್ಲ. ತಮ್ಮ ಮುಳುಗಿದರೆ ಆ ಮಗು ಯೋಚಿಸದೆ ನೀರಿಗೆ ಹಾರುತ್ತದೆ. ಒಂದೇ ಮನೆಯ ಎರಡು, ಮೂರು ಜೀವಗಳು ಹೋಗುವುದು ಹೀಗೆಯೇ.

ಮನೆಯವರೆಲ್ಲ ಕೂಲಿಗೋ ಹೊಲಕ್ಕೋ ಹೋಗಬೇಕಾದ ಕುಟುಂಬಗಳಿಗೆ ಇಂಥ ಪಾಳಿ ಸಾಧ್ಯವಿಲ್ಲ ಎಂಬುದು ನಿಜ, ಮತ್ತು ಅವರ ಮಕ್ಕಳೇ ಹೆಚ್ಚು ಅಪಾಯದಲ್ಲಿರುವವರು. ಎಳೆಯ ಮಕ್ಕಳನ್ನು ಹಗಲು ಹೊತ್ತು ನೀರಿನಿಂದ ದೂರವಿರುವ, ನೋಡಿಕೊಳ್ಳುವವರಿರುವ ಜಾಗದಲ್ಲಿ ಇರಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಮುಳುಗುವಿಕೆ ತಡೆಯುವ ಮುಖ್ಯ ಕ್ರಮಗಳಲ್ಲೊಂದಾಗಿ ಎಣಿಸುತ್ತದೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ 6 ತಿಂಗಳಿಂದ 3 ವರ್ಷದವರೆಗಿನ ಮಕ್ಕಳಿಗಾಗಿ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ಕೂಸಿನ ಮನೆಗಳು ಈ ದೃಷ್ಟಿಯಿಂದಲೂ ಬೆಲೆಯುಳ್ಳವು. ನಿಮ್ಮ ಪಂಚಾಯಿತಿಯಲ್ಲಿ ಅದು ನಡೆಯುತ್ತಿದೆಯೇ, ರಜೆಯಲ್ಲಿ ದೊಡ್ಡ ಮಕ್ಕಳಿಗೆ ಗ್ರಂಥಾಲಯದಲ್ಲಿ ಬೇಸಿಗೆ ಶಿಬಿರವಿದೆಯೇ ಎಂದು ಕೇಳಿ. ಇಲ್ಲವಾದರೆ ಗ್ರಾಮಸಭೆಯಲ್ಲಿ ಒತ್ತಾಯಿಸಿ.

ಮನೆಯೊಳಗಿನ ನೀರು

ನೀರಿನ ಅಭಾವವಿರುವ ಬೇಸಿಗೆಯಲ್ಲಿಯೇ ಮನೆಗಳಲ್ಲಿ ತುಂಬಿಟ್ಟ ನೀರು ಹೆಚ್ಚಿರುತ್ತದೆ. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಊರುಗಳಲ್ಲಿ ಡ್ರಮ್ಮು, ಬಕೆಟ್ಟು, ಹಂಡೆ, ಸಿಮೆಂಟ್ ತೊಟ್ಟಿ ಎಲ್ಲವೂ ತುಂಬಿ ನಿಂತಿರುತ್ತವೆ. ಅಂಬೆಗಾಲಿಡುವ, ಹೊಸದಾಗಿ ನಡೆಯುವ ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ಭಾರವಾದುದು. ಬಕೆಟ್ಟಿನೊಳಕ್ಕೆ ಬಾಗಿ ಮುಗ್ಗರಿಸಿದರೆ ತಲೆ ಕೆಳಗಾಗಿ ಸಿಕ್ಕಿಕೊಳ್ಳುತ್ತದೆ, ಹಿಂದೆ ಸರಿಯುವ ಶಕ್ತಿ ಅದಕ್ಕಿರುವುದಿಲ್ಲ. ಮೂಗು ಬಾಯಿ ಮುಚ್ಚುವಷ್ಟು, ಅಂದರೆ ನಾಲ್ಕೈದು ಸೆಂಟಿಮೀಟರ್ ನೀರಿದ್ದರೂ ಪ್ರಾಣಕ್ಕೆ ಅಪಾಯವಿದೆ.

ಆದ್ದರಿಂದ ಬಳಸಿ ಮುಗಿದ ಬಕೆಟ್ಟು, ಟಬ್ಬುಗಳನ್ನು ಬರಿದು ಮಾಡಿ ಬೋರಲು ಹಾಕಬೇಕು. ತುಂಬಿಡಲೇಬೇಕಾದ ಡ್ರಮ್ಮುಗಳಿಗೆ ತಿರುಪಿನ ಮುಚ್ಚಳವಿರಬೇಕು. ಮೇಲೆ ಹಲಗೆಯೋ ತಗಡೋ ಇಟ್ಟರೆ ಮಗು ಅದನ್ನು ಸರಿಸುತ್ತದೆ ಅಥವಾ ಅದರ ಸಮೇತ ಒಳಗೆ ಬೀಳುತ್ತದೆ. ಬಚ್ಚಲುಮನೆಯ ಬಾಗಿಲಿಗೆ ಹೊರಗಿನಿಂದ, ಮಗುವಿಗೆ ಎಟುಕದಷ್ಟು ಎತ್ತರದಲ್ಲಿ ಚಿಲಕ ಹಾಕಿಸಿ. ಮಗುವನ್ನು ಟಬ್ಬಿನಲ್ಲಿ ಕೂರಿಸಿ ಸ್ನಾನ ಮಾಡಿಸುವಾಗ ಕರೆಗಂಟೆ ಬಾರಿಸಿದರೆ, ಹಾಲು ಉಕ್ಕಿದರೆ, ಫೋನ್ ಬಂದರೆ, ಮಗುವನ್ನು ಎತ್ತಿಕೊಂಡೇ ಹೋಗಬೇಕು.

ಮನೆಯಂಗಳದ ಸಂಪು ಪಟ್ಟಣಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಟ್ಟ ಅಪಾಯ. ಟ್ಯಾಂಕರ್ ನೀರು ತುಂಬಿಸಲೆಂದು ಮುಚ್ಚಳ ತೆಗೆದು, ಪೈಪು ಬಿಟ್ಟು, ಒಳಗೆ ಹೋಗಿ ಬರುವ ಹತ್ತು ನಿಮಿಷವೇ ಸಾಕು. ಮುಚ್ಚಳ ಕಬ್ಬಿಣದ್ದಾಗಿರಲಿ, ಬೀಗವಿರಲಿ, ಮುಚ್ಚಳದ ಕೆಳಗೆ ಇನ್ನೊಂದು ಕಂಬಿಯ ಜಾಲರಿ ಕೂರಿಸಿದ್ದರೆ ಇನ್ನೂ ಒಳ್ಳೆಯದು. ತೆರೆದಿರುವಷ್ಟು ಹೊತ್ತು ಒಬ್ಬರು ಪಕ್ಕದಲ್ಲೇ ನಿಂತಿರಬೇಕು. ಕಟ್ಟುತ್ತಿರುವ ಮನೆಗಳ ಸಂಪು ಮತ್ತು ಪಾಯದ ಗುಂಡಿಗಳಲ್ಲಿ ಮೇ ತಿಂಗಳ ಮಳೆಯ ನೀರು ನಿಲ್ಲುತ್ತದೆ, ಅಲ್ಲಿ ಕೂಲಿಯವರ ಮಕ್ಕಳು ಆಡುತ್ತಿರುತ್ತಾರೆ. ಕಟ್ಟಿಸುವವರು ನಾವಾಗಿದ್ದರೆ ಗುಂಡಿಗೆ ಹೊದಿಕೆ, ತಡೆ ಹಾಕಿಸುವ ಹೊಣೆಯೂ ನಮ್ಮದೇ.

ಕೃಷಿ ಹೊಂಡ, ಕೆರೆ, ನಾಲೆ

ರಾಜ್ಯದಲ್ಲಿ 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಒಣಬೇಸಾಯದ ಹೊಲಗಳಲ್ಲಿ ಬಹಳಷ್ಟು ಕೃಷಿ ಹೊಂಡಗಳಾಗಿವೆ. ಬೆಳೆಗೆ ಅವು ದೊಡ್ಡ ಆಸರೆ ಎಂಬುದರಲ್ಲಿ ಸಂಶಯವಿಲ್ಲ, ಆದರೆ ಮಕ್ಕಳ ಮಟ್ಟಿಗೆ ಅವು ಕೆರೆಗಿಂತಲೂ ಕಠಿಣ. ದೊಡ್ಡ ಹೊಂಡ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ ಇರುತ್ತದೆ. ನೀರು ಇಂಗಬಾರದೆಂದು ಇಳಿಜಾರಿನ ಬದಿಗಳಿಗೆಲ್ಲ ಪಾಲಿಥಿನ್ ಹಾಳೆ ಹೊದಿಸಿರುತ್ತಾರೆ. ಪಾಚಿ ಕಟ್ಟಿದ ಆ ಹಾಳೆಯ ಮೇಲೆ ಕಾಲಿಟ್ಟವರು ನೇರವಾಗಿ ಆಳಕ್ಕೆ ಜಾರುತ್ತಾರೆ, ಮತ್ತು ಈಜು ಬಲ್ಲ ಗಂಡಸರು ಕೂಡ ಹಿಡಿಯಲು ಏನೂ ಸಿಗದೆ ಮೇಲೆ ಹತ್ತಲಾರದೆ ಸೋಲುತ್ತಾರೆ.

ಹೊಂಡವಿರುವ ರೈತರು ಮಾಡಬೇಕಾದ ಕೆಲಸಗಳು ಹೆಚ್ಚು ಖರ್ಚಿನವಲ್ಲ. ನಾಲ್ಕೂ ಬದಿಯಲ್ಲಿ ಗಟ್ಟಿ ಗೂಟ ಹೊಡೆದು, ಎರಡೆರಡು ಅಡಿಗೊಂದು ಗಂಟು ಹಾಕಿದ ದಪ್ಪ ನೈಲಾನ್ ಹಗ್ಗವನ್ನು ತಳ ಮುಟ್ಟುವಷ್ಟು ಉದ್ದಕ್ಕೆ ಇಳಿಬಿಡಿ. ಒಂದೆರಡು ಕಡೆ ಹಳೆಯ ಟೈರುಗಳನ್ನು ಹಗ್ಗದಿಂದ ಒಂದಕ್ಕೊಂದು ಬಿಗಿದು ಮೆಟ್ಟಿಲಿನಂತೆ ಇಳಿಸಿ. ಬಾಯಿ ಬಿಗಿದ ಖಾಲಿ ಕ್ಯಾನುಗಳನ್ನು ಹಗ್ಗಕ್ಕೆ ಕಟ್ಟಿ ನೀರಿನ ಮೇಲೆ ತೇಲಲು ಬಿಡಿ. ಬೇಲಿಗೆ ಮುಳ್ಳುತಂತಿಯ ಮೂರು ಸಾಲು ಸಾಲದು, ಮಕ್ಕಳು ನುಸುಳುತ್ತಾರೆ; ನೆಲದಿಂದಲೇ ಆರಂಭವಾಗುವ, ಕನಿಷ್ಠ ನಾಲ್ಕು ಅಡಿ ಎತ್ತರದ ಜಾಲರಿ ಬೇಲಿ, ಬೀಗವಿರುವ ಗೇಟು ಬೇಕು. ಯೋಜನೆಯ ಘಟಕಗಳಲ್ಲಿ ತಂತಿ ಬೇಲಿಯೂ ಸೇರಿರುವುದರಿಂದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಹೊಂಡದ ನೀರನ್ನು ಬಿಂದಿಗೆಯಲ್ಲಿ ಮೊಗೆದು ತರಲು, ಕೈಕಾಲು ತೊಳೆದುಕೊಂಡು ಬರಲು ಮಕ್ಕಳನ್ನು ಎಂದೂ ಕಳುಹಿಸಬೇಡಿ.

ಬೇಸಿಗೆಯ ಕೆರೆ ಬೇರೆ ಬಗೆಯಲ್ಲಿ ಮೋಸ ಮಾಡುತ್ತದೆ. ನೀರು ಇಳಿದಿರುವುದರಿಂದ ನಡುವಿನವರೆಗೂ ನಡೆದು ಹೋಗಬಹುದೆಂದು ತೋರುತ್ತದೆ. ಆದರೆ ಹೂಳೆತ್ತಲು, ಮಣ್ಣು ಸಾಗಿಸಲು ಯಂತ್ರಗಳಿಂದ ತೋಡಿದ ಗುಂಡಿಗಳು ನೀರಿನಡಿ ಹಾಗೆಯೇ ಉಳಿದಿರುತ್ತವೆ, ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದ ಮಗು ಮುಂದಿನ ಹೆಜ್ಜೆಗೆ ಎರಡಾಳು ಆಳಕ್ಕೆ ಇಳಿಯುತ್ತದೆ. ಉಳಿದ ಕಡೆ ಕೆಸರು ಕಾಲನ್ನು ಕಚ್ಚಿ ಹಿಡಿಯುತ್ತದೆ. ತೂಬಿನ ಬಳಿ ನೀರು ಒಳಕ್ಕೆ ಎಳೆಯುವುದರಿಂದ ಅಲ್ಲಿ ಯಾರೂ ಇಳಿಯಬಾರದು. ಕಳೆದ ವರ್ಷ ಈಜಿದ ಕೆರೆ ಈ ವರ್ಷ ಅದೇ ಕೆರೆಯಾಗಿ ಉಳಿದಿರುವುದಿಲ್ಲವಾದ್ದರಿಂದ, ರಜೆಯ ಮೊದಲ ವಾರದಲ್ಲಿಯೇ ಊರಿನ ಈಜು ಬಲ್ಲ ಹಿರಿಯರು ಉದ್ದದ ಗಳದಿಂದ ಆಳ ನೋಡಿ, ಗುಂಡಿಗಳಿರುವ ಕಡೆ ಕೆಂಪು ಬಟ್ಟೆ ಕಟ್ಟಿದ ಕೋಲು ನೆಡುವುದು ಒಳ್ಳೆಯದು. ಕಲ್ಲು ಕ್ವಾರಿಗಳ ಹಸಿರು ನೀರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಅಂಚಿನಿಂದಲೇ ಕಡಿದಾದ ಆಳ, ಅಡಿಯಲ್ಲಿ ಚೂಪು ಬಂಡೆ, ಹತ್ತಲು ದಾರಿಯಿಲ್ಲ. ಅಲ್ಲಿಗೆ ಮಕ್ಕಳು ಹೋಗಲೇಬಾರದು.

ಮಂಡ್ಯದ ವಿಶ್ವೇಶ್ವರಯ್ಯ ನಾಲೆ, ತುಂಗಭದ್ರಾ ಎಡದಂಡೆ ನಾಲೆಗಳಂಥ ದೊಡ್ಡ ಕಾಲುವೆಗಳಲ್ಲಿ ನೀರು ಶಾಂತವಾಗಿ ಹರಿಯುವಂತೆ ಕಂಡರೂ ಅದರ ಸೆಳೆತ ಬಲವಾದುದು, ಮತ್ತು ಸಿಮೆಂಟ್ ಹಾಕಿದ ಇಳಿಜಾರು ದಂಡೆಯಲ್ಲಿ ಕೈಗೆ ಆಧಾರ ಸಿಗುವುದಿಲ್ಲ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ದಿನಗಳಲ್ಲಿ ನಿನ್ನೆ ಒಣಗಿದ್ದ ನಾಲೆ ಇಂದು ತುಂಬಿರುತ್ತದೆ. ಬಟ್ಟೆ ಒಗೆಯಲು, ದನ ಮೈತೊಳೆಯಲು ಹೋಗುವವರು ಮೆಟ್ಟಿಲಿರುವ ಸೋಪಾನದ ಬಳಿಯಷ್ಟೇ ಇಳಿಯಬೇಕು, ಮಕ್ಕಳನ್ನು ದಂಡೆಯಿಂದ ದೂರ ಕೂರಿಸಬೇಕು.

ಪ್ರವಾಸ ಹೋದಾಗ

ಕಾವೇರಿ ತೀರದ ಮುತ್ತತ್ತಿ, ಸಂಗಮ, ಮೇಕೆದಾಟು, ಬಲಮುರಿ ಮುಂತಾದ ಜಾಗಗಳಲ್ಲಿ ಬಂಡೆಗಳ ನಡುವೆ ಮಡುಗಳೂ ಸುಳಿಗಳೂ ಇವೆ. ಎಚ್ಚರಿಕೆಯ ಫಲಕ ಇರುವ ಕಡೆ ಪಾದ ನೆನೆಸುವುದಕ್ಕೂ ಇಳಿಯಬಾರದು. ಆ ಫಲಕವನ್ನು ಅಲ್ಲಿ ನೆಟ್ಟಿರುವುದಕ್ಕೆ ಸಾಮಾನ್ಯವಾಗಿ ಅಲ್ಲಿ ಹಿಂದೆ ಆಗಿಹೋದ ಸಾವುಗಳೇ ಕಾರಣ. ತೆಪ್ಪದಲ್ಲಿ ಕೂರುವಾಗ ಪ್ರತಿ ಮಗುವಿಗೂ ಅದರ ಅಳತೆಯ ಲೈಫ್ ಜಾಕೆಟ್ ಇರಬೇಕು, ತೊಡೆಯ ನಡುವಿನ ಪಟ್ಟಿಯನ್ನೂ ಬಿಗಿದಿರಬೇಕು. ದೊಡ್ಡವರ ಜಾಕೆಟ್ ಮಗುವಿಗೆ ತೊಡಿಸಿದರೆ ನೀರಿನಲ್ಲಿ ಅದು ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ.

ಕಡಲನ್ನು ಕಾಣದೆ ಬೆಳೆದ ಬಯಲುಸೀಮೆಯ ಮಕ್ಕಳಿಗೆ ಕರಾವಳಿ ಇನ್ನೂ ಅಪಾಯಕರ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ದಡಕ್ಕೆ ಬಡಿದ ನೀರು ಮರಳಿ ಕಡಲಿಗೆ ಹೋಗುವಾಗ ಕೆಲವು ಕಡೆ ಕಿರಿದಾದ ದಾರಿ ಹಿಡಿದು ವೇಗವಾಗಿ ಒಳಕ್ಕೆ ಹರಿಯುತ್ತದೆ. ಸುತ್ತ ನೊರೆಯ ಅಲೆಗಳು ಒಡೆಯುತ್ತಿರುವಾಗ ನಡುವೆ ಅಲೆಯಿಲ್ಲದೆ ಕಪ್ಪಗೆ, ತಣ್ಣಗೆ ಕಾಣುವ ಜಾಗವೇ ಈ ಸೆಳೆತದ ದಾರಿ. ತಿಳಿಯದವರು ಅಲೆ ಕಡಿಮೆಯಿದೆ ಎಂದು ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುತ್ತಾರೆ. ಜೀವರಕ್ಷಕರು ಇರುವ, ಧ್ವಜದಿಂದ ಗುರುತು ಮಾಡಿದ ಭಾಗದಲ್ಲಿ ಮಾತ್ರ, ಮೊಣಕಾಲು ದಾಟದ ನೀರಿನಲ್ಲಿ ಮಕ್ಕಳು ಇರಲಿ. ನದಿ ಕಡಲನ್ನು ಸೇರುವ ಅಳಿವೆಯ ಬಳಿ ಇಳಿಯಲೇಬೇಡಿ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ನೇರವಾಗಿ ಈಜಿದರೆ ಸುಸ್ತಾಗಿ ಮುಳುಗುತ್ತಾರೆ. ಮೊದಲು ಅಂಗಾತ ತೇಲಿಕೊಂಡು, ಬಳಿಕ ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ, ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ಬರಬೇಕು.

ಈಜು ಕಲಿಸುವುದು

ಆರೇಳು ವರ್ಷದ ಹೊತ್ತಿಗೆ ಪ್ರತಿ ಮಗುವೂ, ಹೆಣ್ಣುಮಕ್ಕಳೂ ಸೇರಿದಂತೆ, ಈಜು ಕಲಿಯಲು ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹೆಣ್ಣುಮಕ್ಕಳಿಗೇಕೆ ಈಜು ಎನ್ನುವ ಮನೆಗಳಲ್ಲಿಯೇ ಕೆರೆಯ ಬಳಿ ಬಟ್ಟೆ ಒಗೆಯುವ ಕೆಲಸ ಅವರ ಪಾಲಿಗೆ ಬರುತ್ತದೆ. ಹಿಂದಿನವರು ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಬೆಂಡು ಬಿಗಿದು ಬಾವಿಯಲ್ಲಿ ಕಲಿಸುತ್ತಿದ್ದ ಪದ್ಧತಿಯಲ್ಲಿ ವಿವೇಕವಿತ್ತು: ಮಗುವಿನ ಹಗ್ಗ ಒಬ್ಬ ದೊಡ್ಡವರ ಕೈಯಲ್ಲಿರುತ್ತಿತ್ತು. ಗಾಳಿ ತುಂಬಿದ ಟ್ಯೂಬನ್ನೂ ತೋಳಿನ ಪಟ್ಟಿಯನ್ನೂ ನಂಬಿ ಮಗುವನ್ನು ನೀರಿಗೆ ಬಿಡುವುದು ಅದಕ್ಕೆ ಸಮನಲ್ಲ. ಕೈಕಾಲು ಬಡಿಯುವುದಕ್ಕಿಂತ ಮೊದಲು ಅಂಗಾತ ತೇಲುವುದನ್ನು, ಬಿದ್ದ ಕೂಡಲೇ ತಿರುಗಿ ದಡ ಹಿಡಿಯುವುದನ್ನು ಕಲಿಸಿ. ಎಷ್ಟೇ ಕಲಿತರೂ ಒಂಟಿಯಾಗಿ ಇಳಿಯಬಾರದು, ಆಳ ತಿಳಿಯದ ಕಡೆ ತಲೆಕೆಳಗಾಗಿ ಹಾರಬಾರದು.

ಯಾರಾದರೂ ಮುಳುಗುತ್ತಿದ್ದರೆ

ಮಕ್ಕಳಿಗೆ ಇದನ್ನು ಆಟದಂತೆ ಆಡಿಸಿ ರೂಢಿ ಮಾಡಿಸಬೇಕು: ಗೆಳೆಯ ಮುಳುಗುತ್ತಿದ್ದರೆ ನೀರಿಗೆ ಇಳಿಯಬಾರದು, ಜೋರಾಗಿ ಕೂಗಿ ದೊಡ್ಡವರನ್ನು ಕರೆಯಬೇಕು, ಕೈಗೆ ಸಿಕ್ಕಿದ್ದನ್ನು ಎಸೆಯಬೇಕು. ಮುಳುಗುವವರು ಹತ್ತಿರ ಬಂದವರನ್ನು ಅಪ್ಪಿ ಹಿಡಿದು ತಮ್ಮೊಡನೆ ಎಳೆದುಕೊಳ್ಳುತ್ತಾರೆ, ಆಗ ಈಜು ಬಲ್ಲವರೂ ಉಳಿಯುವುದು ಕಷ್ಟ. ದಡದಲ್ಲಿ ಹೊಟ್ಟೆಯ ಮೇಲೆ ಮಲಗಿ ಬಿದಿರಿನ ಗಳ, ಸೀರೆ, ಪಂಚೆ, ದುಪಟ್ಟಾ ಚಾಚಬಹುದು. ದೂರವಿದ್ದರೆ ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನನ್ನು ಹಗ್ಗ ಕಟ್ಟಿ ಎಸೆಯಬಹುದು. ಅಂಥ ಒಂದು ಕ್ಯಾನು ಮತ್ತು ಹತ್ತು ಹದಿನೈದು ಮೀಟರ್ ಹಗ್ಗ ಪ್ರತಿ ಹೊಂಡ, ಬಾವಿ, ಕೆರೆಯ ಮೆಟ್ಟಿಲ ಬಳಿ ತೂಗುಹಾಕಿರಬೇಕು.

ಮೇಲೆತ್ತಿದ ಮೇಲೆ

ಉಸಿರಾಟ ನಿಂತ ನಾಲ್ಕರಿಂದ ಆರು ನಿಮಿಷಗಳಲ್ಲಿ ಮೆದುಳಿಗೆ ಶಾಶ್ವತ ಹಾನಿ ಆರಂಭವಾಗುತ್ತದೆ. ಆದರೆ ನಮ್ಮ ಊರುಗಳಲ್ಲಿ ಈ ನಿಮಿಷಗಳು ಮಗುವನ್ನು ತಲೆಕೆಳಗಾಗಿ ಹಿಡಿಯುವುದರಲ್ಲಿ, ಹೆಗಲ ಮೇಲೆ ಹೊತ್ತು ಸುತ್ತುವುದರಲ್ಲಿ, ನೀರು ಕಕ್ಕಿಸಲು ಹೊಟ್ಟೆ ಒತ್ತುವುದರಲ್ಲಿ ಕಳೆದುಹೋಗುತ್ತವೆ. ಹೊಟ್ಟೆ ಒತ್ತಿದಾಗ ಹೊರಬರುವುದು ಹೊಟ್ಟೆಯೊಳಗಿನ ನೀರು ಮತ್ತು ಆಹಾರ. ಅದು ಶ್ವಾಸಕೋಶಕ್ಕೆ ನುಗ್ಗಿ ಇನ್ನಷ್ಟು ಕೇಡು ಮಾಡುತ್ತದೆ. ಇದಕ್ಕಿಂತ ದುಃಖದ ಸಂಗತಿಯೊಂದಿದೆ. ನೀರಿನಲ್ಲಿ ಮುಳುಗಿ ಸತ್ತವರನ್ನು ಉಪ್ಪಿನಲ್ಲಿ ಹೂತಿಟ್ಟರೆ ಉಪ್ಪು ನೀರನ್ನೆಲ್ಲ ಹೀರಿ ಜೀವ ಮರಳುತ್ತದೆ ಎಂಬ ಸುಳ್ಳು ಸಂದೇಶ ಮೊಬೈಲ್‌ಗಳಲ್ಲಿ ಹರಡಿದೆ. ಅದನ್ನು ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೆತ್ತವರು ತಮ್ಮ ಮಕ್ಕಳ ದೇಹವನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿಟ್ಟು ಕಾದರು. ಆ ತಂದೆತಾಯಿಯರನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ಸಂದೇಶ ನಿಮಗೆ ಬಂದರೆ ಮುಂದಕ್ಕೆ ಕಳುಹಿಸಬೇಡಿ, ಕಳುಹಿಸಿದವರಿಗೆ ಅದು ಸುಳ್ಳೆಂದು ತಿಳಿಸಿ. ಉಪ್ಪಿಗೆ ಅಂಥ ಯಾವ ಗುಣವೂ ಇಲ್ಲ.

ಮಾಡಬೇಕಾದುದು ಹೀಗೆ. ಒಬ್ಬರು ತಕ್ಷಣ 112 ಅಥವಾ 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಕೂಗಿ ಎಚ್ಚರಿಸಿ, ಹತ್ತು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳದೆ ಎದೆ ಏರಿಳಿಯುತ್ತಿದೆಯೇ ಎಂದು ನೋಡಲಿ. ಉಸಿರಿಲ್ಲದಿದ್ದರೆ ಹಣೆಯನ್ನು ಹಿಂದಕ್ಕೆ ಬಾಗಿಸಿ, ಗದ್ದವನ್ನು ಮೇಲೆತ್ತಿ, ಬಾಯಲ್ಲಿ ಕೆಸರು, ಕಳೆ ಕಂಡರೆ ತೆಗೆದು, ಮೂಗನ್ನು ಬಿಗಿಹಿಡಿದು, ಬಾಯಿಗೆ ಬಾಯಿ ಇಟ್ಟು ಎದೆ ಉಬ್ಬುವಷ್ಟು ಗಾಳಿಯನ್ನು ಎರಡರಿಂದ ಐದು ಸಲ ಊದಬೇಕು. ಮುಳುಗಿದವರಲ್ಲಿ ಹೃದಯ ನಿಲ್ಲುವುದು ಉಸಿರು ಕಟ್ಟಿದ್ದರಿಂದಲೇ ಆದ್ದರಿಂದ ಈ ಗಾಳಿಯನ್ನು ಬಿಟ್ಟು ಎದೆ ಒತ್ತುವುದು ಸಾಲದು. ಒಂದು ವರ್ಷದೊಳಗಿನ ಕೂಸಾದರೆ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಯಿಂದ ಮುಚ್ಚಿ ಮೆಲ್ಲಗೆ ಊದಬೇಕು. ಆಗಲೂ ಚಲನೆ ಕಾಣದಿದ್ದರೆ ಎದೆಯ ನಡುಮೂಳೆಯ ಕೆಳಭಾಗದ ಮೇಲೆ ಅಂಗೈಯ ಬುಡವನ್ನು, ಅಂದರೆ ಮಣಿಕಟ್ಟಿನ ಕಡೆಯ ಗಟ್ಟಿ ಭಾಗವನ್ನು ಇಟ್ಟು, ಕೂಸಿಗಾದರೆ ಎರಡೂ ಕೈಗಳಿಂದ ಎದೆಯನ್ನು ಬಳಸಿ ಹಿಡಿದು ಎರಡು ಹೆಬ್ಬೆರಳಿಟ್ಟು, ಎದೆಯ ಮೂರನೆಯ ಒಂದರಷ್ಟು ತಗ್ಗುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಮತ್ತೆ 2 ಸಲ ಊದಬೇಕು. ಮಗು ಉಸಿರಾಡುವವರೆಗೆ ಅಥವಾ ಆಂಬುಲೆನ್ಸ್ ಸಿಬ್ಬಂದಿ ಬಂದು ವಹಿಸಿಕೊಳ್ಳುವವರೆಗೆ ನಿಲ್ಲಿಸಬಾರದು. ದಣಿದರೆ ಪಕ್ಕದವರು ಮುಂದುವರಿಸಲಿ. ನೀವು ಒಬ್ಬರೇ ಇದ್ದರೆ ಮೊದಲು ಎರಡು ನಿಮಿಷ ಇದನ್ನು ಮಾಡಿ, ಬಳಿಕ ಫೋನನ್ನು ಸ್ಪೀಕರ್‌ನಲ್ಲಿಟ್ಟು ಕರೆ ಮಾಡಿ. ಓದಿದ ಮಾತ್ರಕ್ಕೆ ಇದು ಕೈಗೆ ಬರುವುದಿಲ್ಲವಾದ್ದರಿಂದ ಅವಕಾಶ ಸಿಕ್ಕಾಗ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಬೊಂಬೆಯ ಮೇಲೆ ಮಾಡಿ ಕಲಿಯಿರಿ.

ಉಸಿರಾಡುತ್ತಿರುವ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒದ್ದೆ ಬಟ್ಟೆ ತೆಗೆದು, ಒಣಬಟ್ಟೆ ಹೊದಿಸಬೇಕು. ಎದ್ದು ಕುಳಿತು ಮಾತನಾಡಿದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಒಳಗೆ ಹೋದ ಸ್ವಲ್ಪ ನೀರಿನಿಂದಲೂ ಶ್ವಾಸಕೋಶದಲ್ಲಿ ಬಾವು ಬಂದು ಕೆಲವು ಗಂಟೆಗಳ ನಂತರ ಉಸಿರಾಟ ಕೆಡಬಹುದು, ಅದಕ್ಕಾಗಿ ವೈದ್ಯರು ಸಾಮಾನ್ಯವಾಗಿ 6ರಿಂದ 8 ಗಂಟೆ ಇರಿಸಿಕೊಂಡು ನೋಡುತ್ತಾರೆ. ಮನೆಗೆ ಬಂದ ಮೇಲೂ ಬಿಡದ ಕೆಮ್ಮು, ವೇಗದ ಉಸಿರು, ತುಟಿ ನೀಲಿಯಾಗುವುದು, ಅತಿಯಾದ ಮಂಪರು, ವಾಂತಿ ಕಂಡರೆ ತಡಮಾಡದೆ ಹಿಂದಿರುಗಿ ಹೋಗಬೇಕು. ಮಗು ಎಷ್ಟು ನಿಮಿಷ ನೀರಿನೊಳಗಿತ್ತು, ಅದು ಎಂಥ ನೀರು, ಮೇಲೆತ್ತಿದಾಗ ಉಸಿರಿತ್ತೇ, ಎಷ್ಟು ಹೊತ್ತು ಎದೆ ಒತ್ತಿದಿರಿ, ತಲೆಗೆ ಪೆಟ್ಟು ಬಿದ್ದಿತ್ತೇ ಎಂಬುದನ್ನು ವೈದ್ಯರು ಮೊದಲಿಗೆ ಕೇಳುತ್ತಾರೆ; ಕಣ್ಣಾರೆ ಕಂಡವರೊಬ್ಬರು ಆಂಬುಲೆನ್ಸಿನಲ್ಲಿ ಜೊತೆಗೆ ಹೋಗಲಿ.